ತುಳಸಿ ಇರುವ ಗಾಡಿಗೆ ವಿಮೆ

ಜಗತ್ತಿನಲ್ಲಿ ವಿಮೆಯ ಪಾಲಿಸಿಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಬಿಡದೆ ಕೇಳಿಸಿಕೊಂಡ ಮನುಷ್ಯ ಒಬ್ಬರೇ ಒಬ್ಬರು ಇದ್ದರೆ, ಅವರು ರಾಯಚೂರಿನಲ್ಲಿದ್ದಾರೆ ಮತ್ತು ದುರದೃಷ್ಟವಶಾತ್ ನನಗೆ ಕಾಕಾ ಆಗಬೇಕು. ದುರದೃಷ್ಟ ಯಾಕೆಂದರೆ, ಓದಿ ಹೇಳಿದವಳು ನಾನು. ಒಂದು ಸಲವಲ್ಲ, ಮೂರು ಸಲ!

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ನಮ್ಮ ಮನೆಯ ಶೋಕೇಸಿನಲ್ಲಿ ಸಾಲಾಗಿ ನಿಂತಿವೆ. ಹಾಗಾಗಿ ನಮ್ಮ ಬಳಗದಲ್ಲಿ ಯಾರು ಯಾರ ಮೇಲೆ ವಾದ ಹೂಡಬೇಕಾದರೂ ಮೊದಲು ನನಗೆ ಫೋನು ಬರುತ್ತದೆ. ಪುರಾವೆ ಇಲ್ಲದೆ ಏನನ್ನೂ ನಂಬದವಳು ಎಂಬ ಖ್ಯಾತಿಯೂ ಇದೆ. ದೇವರ ಮನೆಯಲ್ಲಿ ಕೂರಿಸಿದರೆ ದೇವರಿಗೇ ಸಾಕ್ಷಿ ಕೇಳುತ್ತಾಳೆ ಎಂದು ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಾರೆ. ಆ ಖ್ಯಾತಿಗೆ ಈ ಪ್ರಬಂಧದ ಕೊನೆಯಲ್ಲಿ ಏನಾಯಿತು ಎಂಬುದನ್ನು ನಾನೇ ಬರೆಯಬೇಕಾಗಿ ಬಂದಿದೆ. ಬರೆಯುತ್ತೇನೆ.

ಕಾಕಾ ಮಾನ್ವಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಸಾಮಾನ್ಯ ಜನ ಏನು ಮಾಡುತ್ತಾರೆ? ವಾಕಿಂಗ್ ಹೋಗುತ್ತಾರೆ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಪೇಪರಿನಲ್ಲಿ ಸರ್ಕಾರವನ್ನು ಬೈಯುತ್ತಾರೆ. ನಮ್ಮ ಕಾಕಾ ಮಾನ್ವಿಯ ಒಂದು ಶಾಲೆಯವರು ಮಾರಲು ಇಟ್ಟಿದ್ದ ಹಳೆಯ ಹಳದಿ ವ್ಯಾನನ್ನು ಕೊಂಡುಕೊಂಡರು. ಕೊಂಡು ದೇವದುರ್ಗದ ಒಬ್ಬ ವೆಲ್ಡರನ ಕೈಗೆ ಕೊಟ್ಟು, ಅದನ್ನು ಮನೆ ಮಾಡಿಕೊಡು ಎಂದರು. ಅಲ್ಲಿಯವರೆಗೆ ಎತ್ತಿನಗಾಡಿಯ ಅಚ್ಚು ಮತ್ತು ಟ್ರಾಕ್ಟರಿನ ಟ್ರೇಲರು ಮಾತ್ರ ಬೆಸೆದಿದ್ದ ಆ ಪುಣ್ಯಾತ್ಮ ನಾಲ್ಕು ತಿಂಗಳಲ್ಲಿ ಒಂದು ಮಂಚ, ಒಂದು ಅಡುಗೆಕಟ್ಟೆ, ನೀರಿನ ಟಾಕಿ, ದೇವರ ಗೂಡು ಎಲ್ಲವನ್ನೂ ಅದರ ಹೊಟ್ಟೆಯೊಳಗೆ ಕೂರಿಸಿಬಿಟ್ಟ. ಬಣ್ಣ ಬದಲಾಯಿತು. ಹಿಂದೆ ಬರೆದಿದ್ದ 'ಮಕ್ಕಳಿದ್ದಾರೆ, ನಿಧಾನವಾಗಿ ಚಲಿಸಿ' ಎಂಬ ಸಾಲನ್ನು ಮಾತ್ರ ಅಳಿಸಲು ಕಾಕಾ ಬಿಡಲಿಲ್ಲ. ಹಿಂದೆ ಬರುವವರು ನಿಧಾನವಾಗಿ ಬಂದರೆ ನಮಗೇನು ನಷ್ಟ ಎಂದು ಕೇಳಿದರು.

ಇಷ್ಟೆಲ್ಲ ಯಾಕೆ? ಕಾಕುವಿನ ಸಲುವಾಗಿ. ಕಾಕು ಮಡಿಯವರು. ಹೊರಗಿನ ಅನ್ನ ಮುಟ್ಟುವುದಿಲ್ಲ, ಲಾಡ್ಜಿನ ನೀರು ಕುಡಿಯುವುದಿಲ್ಲ. ತುಳಸಿಗೆ ನೀರೆರೆದು ಪ್ರದಕ್ಷಿಣೆ ಹಾಕದೆ ಊಟಕ್ಕೆ ಕೂರುವುದಿಲ್ಲ. ಹೀಗಿರುವವರು ಊರು ಬಿಟ್ಟು ಎಲ್ಲಿಗೆ ಹೋದಾರು? ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಹುಟ್ಟಿ, ಮಾನ್ವಿಗೆ ಸೊಸೆಯಾಗಿ ಬಂದು, ಆಮೇಲೆ ರಾಯಚೂರಿಗೆ ಬಂದು ನೆಲೆಸಿದ್ದೇ ಅವರ ಒಟ್ಟು ದೇಶಸಂಚಾರ. ಆದರೆ ಅವರಿಗೆ ಒಂದು ಕುತೂಹಲ ಇತ್ತು. ತವರಿನ ಕಡೆ ಕೃಷ್ಣೆ, ಗಂಡನ ಊರಿನ ಕಡೆ ಕಾಲುವೆಯಲ್ಲಿ ತುಂಗಭದ್ರೆ. ಈ ಎರಡೂ ನೀರು ಮುಂದೆ ಎಲ್ಲೋ ಕೂಡಿ ಸಮುದ್ರಕ್ಕೆ ಬೀಳುತ್ತವಂತಲ್ಲ, ಆ ಜಾಗ ಹೇಗಿರುತ್ತದೆ? ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದರಂತೆ. ಕಾಕಾ ಭೂಪಟದಲ್ಲಿ ಬೆರಳಿಟ್ಟು ತೋರಿಸಿದ್ದರಂತೆ. ಭೂಪಟ ನೋಡಿ ತೃಪ್ತಿಪಡುವ ಹೆಂಗಸಲ್ಲ ಅವರು. ಮನೆ ಬಿಟ್ಟು ಹೆಂಡತಿ ಬರುವುದಿಲ್ಲವೆಂದರೆ ಮನೆಗೇ ಗಾಲಿ ಹಚ್ಚುವುದು ಎಂದು ಕಾಕಾ ನಿರ್ಧರಿಸಲು ಮೂವತ್ತೈದು ವರ್ಷ ಹಿಡಿಯಿತು ಅಷ್ಟೇ.

ಗಾಡಿಯ ಹಿಂಬದಿಗೆ ಕಬ್ಬಿಣದ ಬುಟ್ಟಿ ಬೆಸೆದು ತುಳಸಿಯ ಕುಂಡವನ್ನೂ ಕೂರಿಸಿದರು. ಇದರಿಂದ ಒಂದು ತೊಡಕಾಯಿತು. ತುಳಸಿಗೆ ಪ್ರದಕ್ಷಿಣೆ ಹಾಕಬೇಕಾದರೆ ಇಡೀ ವ್ಯಾನನ್ನು ಸುತ್ತಬೇಕು! ಪಕ್ಕದ ಖಾಲಿ ಸೈಟಿನಲ್ಲಿ ನಿಂತ ವ್ಯಾನಿಗೆ ಕಾಕು ದಿನಾ ಹನ್ನೊಂದು ಸುತ್ತು ಹಾಕತೊಡಗಿದರು. ಸ್ವಲ್ಪ ದಿನಕ್ಕೆ ಎಡಗಾಲು ಹಿಡಿದುಕೊಂಡಿತು. ಸಂಜೆ ಹೊತ್ತು ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತ ಕೂರುವುದನ್ನು ನಾನೇ ನೋಡಿದ್ದೇನೆ. ಇದು ಪ್ರದಕ್ಷಿಣೆಯ ಫಲ, ಸುತ್ತು ಕಡಿಮೆ ಮಾಡಿ ಎಂದು ವಾದಿಸಿದ್ದೂ ನಾನೇ.

ಇನ್ನೇನು ಹೊರಡಬೇಕು. ಆಗ ಬಂತು ವಿಮೆ.

ಶಾಲೆಯ ವ್ಯಾನನ್ನು ಮನೆ ಮಾಡಿದರೆ ಆ ಬದಲಾವಣೆಯನ್ನು ಮೊದಲು ಆರ್‌ಟಿಓದಲ್ಲಿ ದಾಖಲಿಸಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲವಾದರೆ ನಾಳೆ ಏನಾದರೂ ಆದಾಗ ಅವರು ಕೈ ಎತ್ತಿಬಿಡಬಹುದು. ಆರ್‌ಟಿಓ ಕೆಲಸ ಹೇಗೋ ಮುಗಿಯಿತು. ವಿಮೆಗೆ ಒಬ್ಬ ಏಜೆಂಟ್ ಬಂದ. ಪಾಪ, ತೆಳ್ಳಗಿನ ಮನುಷ್ಯ, ಬೈಕು ಕಾರುಗಳಿಗೆ ಹತ್ತು ನಿಮಿಷದಲ್ಲಿ ವಿಮೆ ಮಾಡಿ ರೂಢಿ. ವ್ಯಾನಿನ ಬಾಗಿಲು ತೆಗೆದು ನೋಡಿದ. ಮಂಚ ನೋಡಿದ, ಒಲೆ ನೋಡಿದ, ದೇವರಿಗೆ ಕೈ ಮುಗಿದ.

"ಸರ್, ಇದು ಮನಿನೋ ಗಾಡಿನೋ, ಮೊದ್ಲ ಅದನ್ನ ಹೇಳ್ರಿ" ಎಂದ.

"ನಿಂತಾಗ ಮನಿ, ಹೊಂಟಾಗ ಗಾಡಿ" ಎಂದರು ಕಾಕಾ.

"ಈಗ ನಿಂತೈತಲ್ರೀ."

"ಹಂಗಾರ ಈಗ ಮನಿ."

"ಮನಿಗೆ ನಾ ಮಾಡಂಗಿಲ್ರೀ ಸರ್. ನಾ ಗಾಡಿ ಏಜೆಂಟ."

ಇಲ್ಲಿ ನನ್ನ ಪ್ರವೇಶವಾಯಿತು. ಗಾಲಿ, ಇಂಜಿನು, ನೋಂದಣಿ ಸಂಖ್ಯೆ ಮೂರೂ ಇರುವ ವಸ್ತು ಕಾಯಿದೆಯ ಕಣ್ಣಿಗೆ ವಾಹನವೇ. ಒಳಗೆ ಯಾರು ಮಲಗುತ್ತಾರೆ, ಯಾರು ಪಲ್ಯ ಮಾಡುತ್ತಾರೆ ಎಂಬುದು ಆಮೇಲಿನ ಮಾತು ಎಂದು ಮಂಡಿಸಿದೆ. ಏಜೆಂಟನಿಗೆ ಸಮಾಧಾನವಾಯಿತು. ಕಾಕಾ ಮಾತ್ರ ಇಷ್ಟು ಬೇಗ ಒಪ್ಪಿಕೊಂಡ ಏಜೆಂಟನನ್ನು ಸಂಶಯದಿಂದ ನೋಡಿದರು.

ಏಜೆಂಟ್ ಹೇಳಿದ್ದು ಇಷ್ಟು. ವಿಮೆಯಲ್ಲಿ ಎರಡು ಪಾಲು. ಒಂದು ನಮ್ಮ ಗಾಡಿಗೆ ಆಗುವ ನಷ್ಟಕ್ಕೆ. ಬೇಕಾದರೆ ಮಾಡಿಸಬಹುದು, ಬೇಡವಾದರೆ ಬಿಡಬಹುದು. ಇನ್ನೊಂದು ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ಅದನ್ನು ಮಾಡಿಸದೆ ರಸ್ತೆಗೆ ಇಳಿಯುವಂತೆಯೇ ಇಲ್ಲ. ಅದಕ್ಕೆ ಥರ್ಡ್ ಪಾರ್ಟಿ ಎನ್ನುತ್ತಾರೆ. ಕಾಕಾ ಇದನ್ನು ಕೇಳಿ ಬೆರಗಾಗಿಬಿಟ್ಟರು. ಮೊದಲನೆಯ ಪಾರ್ಟಿ ಯಾರು ಎಂದು ನನ್ನನ್ನು ಕೇಳಿದರು. ನೀವು ಎಂದೆ. ಎರಡನೆಯದು? ವಿಮಾ ಕಂಪನಿ. ಮೂರನೆಯದು? ಯಾರೋ ದಾರಿಹೋಕ, ನಮಗೆ ಗೊತ್ತಿಲ್ಲದವನು.

"ಅಂದ್ರ ಅವ ಯಾರಂತ ನನಗೂ ಗೊತ್ತಿಲ್ಲ, ತಾನೇ ಅವ ಅಂತ ಅವಗೂ ಗೊತ್ತಿಲ್ಲ. ಆದ್ರೂ ಅವನ ಸಲುವಾಗಿ ನಾ ಮೊದ್ಲೇ ರೊಕ್ಕ ಕಟ್ಟಿಟ್ಟಿರಬೇಕು?"

"ಹೌದು ಕಾಕಾ."

"ಭಾಳ ಛಲೋ ಪದ್ಧತಿ ಅದ" ಎಂದರು.

ಪ್ರೀಮಿಯಮ್ಮಿನ ಹೆಸರು ಕೇಳಿ ಜನ ಹಣೆ ಗಂಟಿಕ್ಕುವುದನ್ನು ನೋಡಿದ್ದೇನೆ. ಹರ್ಷಪಟ್ಟವರನ್ನು ಆವತ್ತೇ ನೋಡಿದ್ದು. ಅಂದಿನಿಂದ ಕಾಕಾ ಕಟ್ಟೆಯ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಹೊಸ ಮಮತೆಯಿಂದ ನೋಡತೊಡಗಿದರು. ಹಾಲಿನವನ ಸೈಕಲ್ಲು ವ್ಯಾನಿನ ಹತ್ತಿರ ಸುಳಿದರೆ, "ಸಾವಕಾಶ ಹೋಗಪಾ, ನೀ ನಮ್ಮ ಥರ್ಡ್ ಪಾರ್ಟಿ" ಎನ್ನುವರು. ಅವನು ಎರಡು ದಿನ ತಾನೇನು ತಪ್ಪು ಮಾಡಿದೆ ಎಂದು ಕಾಕುವನ್ನು ಕೇಳಿದನಂತೆ.

ಮುಂದಿನ ಸಲ ಏಜೆಂಟ್ ಗಾಡಿಯ ಪರೀಕ್ಷೆಗೆ ಬಂದ. ಫೋಟೋ ತೆಗೆಯಬೇಕು, ಚಾಸಿಯ, ಅಂದರೆ ಗಾಡಿಯ ಅಡಿಗಟ್ಟಿನ, ಮೇಲೆ ಕೊರೆದ ಸಂಖ್ಯೆಗೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕು. ಕಾಗದ ಇಟ್ಟ, ಉಜ್ಜಿದ. ಸಂಖ್ಯೆ ಬರಲಿಲ್ಲ. ಕೆಂಪು ಬಂತು! ಬಗ್ಗಿ ನೋಡಿದರೆ ಅಲ್ಲಿ ಅರಿಷಿಣ ಕುಂಕುಮದ ಒಂದು ಸಣ್ಣ ಗುಡ್ಡವೇ ಎದ್ದಿದೆ. ಆದದ್ದೇನೆಂದರೆ, ಗಾಡಿ ಮನೆಗೆ ಬಂದ ದಿನ ಪೂಜೆಗೆ ಕುಂಕುಮ ಎಲ್ಲಿ ಹಚ್ಚಲಿ ಎಂದು ಕಾಕು ಕೇಳಿದ್ದರು. ಈ ಸಂಖ್ಯೆ ಜಗತ್ತಿನಲ್ಲಿ ಇನ್ನೊಂದು ಗಾಡಿಗೆ ಇರುವುದಿಲ್ಲ, ಆದ್ದರಿಂದ ಗಾಡಿಯ ಹಣೆಬರಹ ಇರುವ ಜಾಗ ಇದೇ, ಹಣೆ ಎಂದರೆ ಇದೇ ಎಂದು ಕಾಕಾ ತರ್ಕಬದ್ಧವಾಗಿ ತೋರಿಸಿದ್ದರು. ಕಾಕು ಪ್ರತಿ ಶುಕ್ರವಾರ ತಪ್ಪದೆ ಆ ಹಣೆಗೆ ಎಣ್ಣೆ ಸವರಿ ಅರಿಷಿಣ ಕುಂಕುಮ ಏರಿಸಿದ್ದರು. ಎಂಟು ತಿಂಗಳ ಶುಕ್ರವಾರಗಳು ಒಣಗಿ ಕಲ್ಲಾಗಿದ್ದವು.

ಕೆರೆದು ತೆಗೆಯೋಣವೆಂದರೆ ಅವನು ಬಂದದ್ದೂ ಶುಕ್ರವಾರವೇ. ಶುಕ್ರವಾರ ಕುಂಕುಮ ಅಳಿಸುವುದೇ? ಸರಿ, ಮಂಗಳವಾರ ಬಂದ. ಮಂಗಳವಾರವೂ ಆಗದು ಎಂದರು ಕಾಕು. ಅವನು ಗಾಡಿಯ ನೆರಳಿನಲ್ಲಿ ಕೂತು ತನ್ನ ಆಫೀಸಿಗೆ ಫೋನು ಮಾಡಿದ. "ಸರ್, ಚಾಸಿ ನಂಬರ್ ಇನ್ನಾ ಪೂಜಾದಾಗ ಐತ್ರೀ" ಎಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ.

ಬುಧವಾರ ಅಂತೂ ಅಚ್ಚು ಸಿಕ್ಕಿತು. ಆಮೇಲೆ ತುಳಸಿಯ ಸರದಿ. ಅರ್ಜಿಯಲ್ಲಿ ಗಾಡಿಗೆ ಹೊಸದಾಗಿ ಹಚ್ಚಿದ ಸಾಮಾನುಗಳಿಗೆ ಎರಡು ಕಾಲಂ ಇದ್ದವು: ವಿದ್ಯುತ್ತಿನವು, ವಿದ್ಯುತ್ತಿಲ್ಲದವು. ಮಂಚ, ಟಾಕಿ, ಒಲೆಕಟ್ಟೆ ಎಲ್ಲ ವಿದ್ಯುತ್ತಿಲ್ಲದ ಕಾಲಮ್ಮಿಗೆ ಹೋದವು. ತುಳಸಿಯ ಬೆಲೆ ಎಷ್ಟು ಬರೆಯಲಿ ಎಂದ ಏಜೆಂಟ್. ಬೆಲೆ ಬರೆಯದಿದ್ದರೆ ಪರಿಹಾರ ಸಿಗದು ಎಂದೆ ನಾನು. ತುಳಸಿಗೆ ಬೆಲೆ ಕಟ್ಟಬಾರದು ಎಂದು ಕಾಕು ಒಳಗಿನಿಂದಲೇ ಹೇಳಿದರು. ವರ್ಷಕ್ಕೆ ಇಷ್ಟಿಷ್ಟು ಎಂದು ಎಲ್ಲದರ ಬೆಲೆಯೂ ಇಳಿಯುತ್ತ ಹೋಗುತ್ತದೆ, ಚಿಂತೆ ಮಾಡಬೇಡಿ ಎಂದ ಏಜೆಂಟ್, ಸಮಾಧಾನದ ಮಾತು ಎಂದುಕೊಂಡು.

"ತುಳಸಿ ವರ್ಷಾ ವರ್ಷ ಬೆಳೀತದ. ಇಳಿಯೂದು ಹ್ಯಾಂಗ?" ಎಂದರು ಕಾಕು.

ಏಜೆಂಟ್ ನನ್ನ ಮುಖ ನೋಡಿದ. ನಾನು ಕಪ್ಪುಗಳ ಶೋಕೇಸನ್ನು ನೆನೆದುಕೊಂಡು ಅರ್ಜಿಯ ಹಾಳೆ ತಿರುವಿದೆ. ತುಳಸಿ ಪಾಲಿಸಿಯ ಹೊರಗುಳಿಯಿತು.

ಈಗ ಮುಖ್ಯ ಕಥೆಗೆ ಬರುತ್ತೇನೆ. ಏಜೆಂಟ್ ಒಂದು ಮಾದರಿ ಪಾಲಿಸಿಯ ಪುಸ್ತಿಕೆ ಕೊಟ್ಟು ಹೋಗಿದ್ದ. ದಿನಾ ನಾಲ್ಕು ಗಂಟೆಗೆ ಚಹಾ ಆದ ಮೇಲೆ ವ್ಯಾನಿನೊಳಗೆ ಅದರ ಪಾರಾಯಣ. ಕಾಕಾ ಮಂಚದ ಮೇಲೆ, ನಾನು ಬಾಗಿಲ ಮೆಟ್ಟಿಲ ಮೇಲೆ. ನೀವೇ ಓದಿಕೊಳ್ಳಬಾರದೇ ಎಂದೆ ಮೊದಲ ದಿನವೇ. ಒಬ್ಬರು ಓದಬೇಕು, ಒಬ್ಬರು ಅರ್ಥ ಹೇಳಬೇಕು. ಒಬ್ಬರೇ ಎರಡೂ ಮಾಡಿದರೆ ಮೋಸ ಹೋಗುತ್ತಾರೆ, ನಮ್ಮ ಮನೆತನದಲ್ಲಿ ಗ್ರಂಥ ಓದುವ ಪದ್ಧತಿಯೇ ಹಾಗೆ ಎಂದರು. ಸಣ್ಣ ಅಕ್ಷರದಲ್ಲಿ ಇರುವುದನ್ನು ಮೊದಲು ಓದು, ದೊಡ್ಡ ಅಕ್ಷರವನ್ನು ಎಲ್ಲರೂ ಓದುತ್ತಾರೆ ಎಂದೂ ಹೇಳಿದರು. ಮಾತು ಎಷ್ಟು ಸರಿಯಾಗಿತ್ತೆಂದರೆ ನಾನು ಮರುಪ್ರಶ್ನೆ ಹಾಕಲಿಲ್ಲ. ಒಂದು ದಿನ ನಾನು ಬರುವಷ್ಟರಲ್ಲಿ ಅವರು ಪುಸ್ತಿಕೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಗಂಭೀರವಾಗಿ ಕೂತಿದ್ದರು. ತಿರುಗಿಸಿ ಕೊಟ್ಟೆ. "ಹ್ಯಾಂಗ ಹಿಡದ್ರೂ ಅವರಿಗೇ ಲಾಭ" ಎಂದರು. ಎಂಥ ಹಾಸ್ಯಪ್ರಜ್ಞೆ ಎಂದು ನಾನು ಗೆಳತಿಯರಿಗೆಲ್ಲ ಹೇಳಿ ನಗಿಸಿದೆ.

ಅಪಘಾತ ಎಂಬ ಒಂದು ಶಬ್ದಕ್ಕೆ ನಾಲ್ಕು ದಿನ ಹಿಡಿಯಿತು. ಅಪಘಾತವೆಂದರೆ ಆಕಸ್ಮಿಕ ಎಂದೆ. ಹರಿಯ ಇಚ್ಛೆಯಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿದವರಿಗೆ ಆಕಸ್ಮಿಕ ಎಂಬುದೇ ಇಲ್ಲವಲ್ಲ, ಅಂಥವರಿಗೆ ಪರಿಹಾರ ಕೊಡುತ್ತಾರೋ ಇಲ್ಲವೋ ಎಂದರು. ಕಂಪನಿ ನಿಮ್ಮ ನಂಬಿಕೆ ಕೇಳುವುದಿಲ್ಲ, ಬಂಪರ್ ನೋಡುತ್ತದೆ ಎಂದೆ. ಯಾರು ಓಡಿಸಬಹುದು ಎಂಬ ಷರತ್ತು ಬಂತು: ಮಾಲೀಕರು, ಅಥವಾ ಮಾಲೀಕರ ಅನುಮತಿ ಪಡೆದ, ಸರಿಯಾದ ಲೈಸೆನ್ಸು ಇರುವ ಬೇರೆ ಯಾರಾದರೂ. ಅದನ್ನು ಮತ್ತೊಮ್ಮೆ ಓದಿಸಿದರು. ಸವೆತಕ್ಕೆ, ಹಳತಾಗುವುದಕ್ಕೆ ಪರಿಹಾರ ಇಲ್ಲ ಎಂಬ ಸಾಲು ಬಂದಾಗ ಮಾತ್ರ ವಾದ ಮಾಡಲಿಲ್ಲ.

"ಹಳೇದಾಗೂದಕ್ಕ ಏನೂ ಕೊಡೂದಿಲ್ಲ ಅಂತಾರ?"

"ಇಲ್ಲ ಕಾಕಾ."

"ನ್ಯಾಯ ಅದ" ಎಂದು ಕಿಟಕಿಯ ಕಡೆ ತಿರುಗಿದರು.

ಮೂರು ಪಾರಾಯಣ ಮುಗಿದವು. ಇನ್ನು ಸಹಿ ಒಂದೇ ಬಾಕಿ. ಅಲ್ಲಿ ಗಾಡಿ ನಿಂತಿತು. ಅರ್ಜಿಯ ಕೊನೆಯಲ್ಲಿ ಒಂದು ಘೋಷಣೆ ಇತ್ತು: ಮೇಲಿನದೆಲ್ಲ ನಿಜ, ಮುಖ್ಯವಾದ ಯಾವ ಸಂಗತಿಯನ್ನೂ ಮುಚ್ಚಿಟ್ಟಿಲ್ಲ. ನಾನು ಉತ್ಸಾಹದಿಂದ ವಿವರಿಸಿದೆ. ಇಡೀ ವಿಮೆ ನಿಂತಿರುವುದೇ ಇದರ ಮೇಲೆ. ಕಂಪನಿಗೆ ನಮ್ಮ ಮನೆಯೊಳಗಿನದು ಕಾಣುವುದಿಲ್ಲ. ನಾವು ಹೇಳಿದ್ದನ್ನು ನಂಬಿಯೇ ಅವರು ಹೊಣೆ ಹೊರುತ್ತಾರೆ. ಆದ್ದರಿಂದ ಕೇಳದಿದ್ದರೂ ಹೇಳಬೇಕಾದದ್ದನ್ನು ನಾವಾಗಿಯೇ ಹೇಳಬೇಕು.

"ಕೇಳದಿದ್ರೂ?" ಎಂದರು ಕಾಕಾ.

"ಕೇಳದಿದ್ರೂ."

"ನಾಳೆ ನೋಡೋಣ" ಎಂದರು.

ಆ ನಾಳೆ ಎರಡು ತಿಂಗಳಾಯಿತು. ಏಜೆಂಟ್ ಬರುವುದನ್ನು ಬಿಟ್ಟ. ವ್ಯಾನಿನ ಗಾಲಿಯ ಸುತ್ತ ಹುಲ್ಲು ಬಂತು. ಕಾಕು ಏನೂ ಕೇಳಲಿಲ್ಲ; ಬೆಳಿಗ್ಗೆ ಏಳಕ್ಕೆ ಭಜನೆಗೆಂದು ಹೋಗುವುದು, ಬಂದು ಹನ್ನೊಂದು ಸುತ್ತು ಹಾಕುವುದು. ಸಮುದ್ರಕ್ಕೆಂದು ಕುಟ್ಟಿಟ್ಟ ಚಟ್ನಿಪುಡಿ ಖಾಲಿಯಾಗಿ, ಮತ್ತೆ ಕುಟ್ಟಿ, ಅದೂ ಮುಗಿಯುತ್ತ ಬಂತು. ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋಗಿ ಕಾಕುವಿನ ಎದುರಿಗೇ ವಾದ ಮಂಡಿಸಿಬಿಟ್ಟೆ. ಆರ್‌ಟಿಓ ಆಯಿತು, ಪರೀಕ್ಷೆ ಆಯಿತು, ಮೂರು ಸಲ ಓದಿದ್ದಾಯಿತು, ಒಂದು ಆಕ್ಷೇಪಣೆಯೂ ಉಳಿದಿಲ್ಲ. ಆದ್ದರಿಂದ ಉಳಿದಿರುವ ಕಾರಣ ಒಂದೇ.

"ಕಾಕಾ, ನಿಮಗ ಹೋಗೋದೇ ಬ್ಯಾಡಾಗ್ಯದ. ಇನ್ಶೂರೆನ್ಸ್ ಬರೇ ನೆಪ" ಎಂದೆ.

ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುವ ಜಾಗ ಅದು. ಕಾಕಾ ಪಂಚೆಯ ಅಂಚನ್ನು ಬೆರಳಿನಿಂದ ಮಡಿಸುತ್ತ ಕೂತರು.

ಕಾಕು ಒಳಗೆ ಹೋಗಿ ತಮ್ಮ ಭಜನೆಯ ಪುಸ್ತಕ ತಂದರು. ಅದರ ಹಾಳೆಗಳ ನಡುವಿನಿಂದ ಒಂದು ಕಾರ್ಡು ತೆಗೆದು ಅರ್ಜಿಯ ಮೇಲೆ ಇಟ್ಟರು. ಡ್ರೈವಿಂಗ್ ಲೈಸೆನ್ಸು. ಫೋಟೋದಲ್ಲಿ ಕಾಕು, ಮೂಗುಬೊಟ್ಟಿನ ಸಮೇತ.

"ಓಡಸೋರು ಯಾರಂತ ಕೇಳ್ಯಾರಲ್ಲ, ಅಲ್ಲಿ ನನ್ನ ಹೆಸರು ಬರಿ" ಎಂದರು ನನಗೆ.

ಕಾಕು ಎದುರಿಗೆ ಕೂತು ಎಡಗಾಲು ಚಾಚಿಕೊಂಡರು. ಕ್ಲಚ್ಚಿನ ಕಾಲು! "ಮುಂಜಾನಿ ಏಳಕ್ಕ ಯಾವ ಭಜನಿ ಇರ್ತದ ಅಂತ ನೀನೂ ಕೇಳ್ಲಿಲ್ಲಲ್ಲ" ಎಂದರು. ತವರಿನಲ್ಲಿ ಟ್ರಾಕ್ಟರಿನ ಸ್ಟೇರಿಂಗ್ ಹಿಡಿದಿದ್ದರಂತೆ, ಮದುವೆಗೆ ಮೊದಲು. ಕೈಗೆ ನೆನಪಿತ್ತು, ಕಾಲಿಗೆ ಮಾತ್ರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಬೇಕಾಯಿತು ಎಂದರು.

ಆಗ ಕಾಕಾ ಬಾಯಿ ಬಿಟ್ಟರು. ನನ್ನ ಕಡೆ ನೋಡಿಯೇ ಹೇಳಿದರು, ಕಾಕುವಿನ ಕಡೆ ನೋಡಲಿಲ್ಲ.

"ಇದನ್ನೂ ಬರಕೋ. ನನ್ನ ಬಲಗಣ್ಣು ಹೋಗ್ಯದ. ನರಾ ಒಣಗ್ಯಾವ, ತಿರುಗಿ ಬರೂದಿಲ್ಲ ಅಂದಾರ ಡಾಕ್ಟ್ರು. ಎಡಗಣ್ಣಿಗೆ ದೂರದ್ದು ಕಾಣ್ತದ, ಅಕ್ಷರ ಕಾಣೂದಿಲ್ಲ. ಗಾಡಿ ಮಾಡಸೋವಾಗ ಇಷ್ಟು ಇರ್ಲಿಲ್ಲ. ಇಕಿಗೆ ಹೇಳಿದ್ರ ಹೋಗೂದೇ ಬ್ಯಾಡ ಅಂತಿದ್ಲು."

ಕಾಕುವಿನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. "ದೀಪಕ್ಕ ಹಾಕೋ ಎಣ್ಣಿ ದಿನಾ ನೆಲದ ಮ್ಯಾಲೆ ಬೀಳ್ತಿತ್ತು. ಒರಸೋಕಿ ನಾನೇ ಅಲ್ಲೇನ್ರೀ" ಎಂದರು.

ನಾನು ಆ ಪುಸ್ತಿಕೆಯನ್ನು ನೋಡಿದೆ. ತಲೆಕೆಳಗಾಗಿ ಹಿಡಿದ ದಿನ ನೆನಪಾಯಿತು. ಸಣ್ಣ ಅಕ್ಷರ ಮೊದಲು ಓದು ಎಂದದ್ದು, ಗಾಡಿಯನ್ನು ಮಾಡಿದವನೇ ತಂದು ಬಿಡಬೇಕು ಎಂದು ದೇವದುರ್ಗದಿಂದ ಇಲ್ಲಿಯವರೆಗೆ ವೆಲ್ಡರನ ಕೈಯಲ್ಲೇ ಓಡಿಸಿ ತರಿಸಿದ್ದು, ಎಲ್ಲ ನೆನಪಾಯಿತು. ತುಳಸಿಯಿಂದ ಹಿಡಿದು ಹರಿಯವರೆಗೆ ಎಲ್ಲವನ್ನೂ ಪ್ರಶ್ನೆ ಮಾಡಿದ್ದೆ. ನಿಮಗೆ ಕಣ್ಣು ಕಾಣುತ್ತದೆಯೇ ಎಂದು ಒಂದು ಮಾತು ಕೇಳಿರಲಿಲ್ಲ.

ಆ ಅರ್ಜಿಯಲ್ಲಿ ಕಣ್ಣಿಗೆ ಕಾಲಂ ಇರಲಿಲ್ಲ. ಆದರೂ ಅಂಚಿನಲ್ಲಿ ಬರೆದೆ: ಮಾಲೀಕರು ಓಡಿಸುವುದಿಲ್ಲ. ಮಾಲೀಕರ ಅನುಮತಿ ಪಡೆದ ಚಾಲಕರು, ಎಂದು ಷರತ್ತನ್ನು ಗಟ್ಟಿಯಾಗಿ ಓದಿದೆ.

"ಅನುಮತಿ ಅದನೋ ಇಲ್ಲೋ?" ಎಂದರು ಕಾಕು.

"ಅದ" ಎಂದರು ಕಾಕಾ.

ಸಹಿಯ ಜಾಗ ಎಲ್ಲಿ ಎಂದು ಅವರು ಕೈಯಿಂದ ಕಾಗದ ಸವರಿದರು. ಕಾಕು ಅಲ್ಲಿ ತಮ್ಮ ಬೆರಳು ಇಟ್ಟರು. ಬೆರಳಿನ ಅಂಚಿಗೆ ಪೆನ್ನು ತಾಗಿಸಿಕೊಂಡು ಕಾಕಾ ಸಹಿ ಮಾಡಿದರು.

ಪಾಲಿಸಿ ಕೈಗೆ ಬಂದ ವಾರವೇ ಹೊರಟೆವು. ಮೊದಲು ಗಬ್ಬೂರು; ತವರಿನ ನೀರು ಹರಿಯುವ ಕಡೆಯಿಂದಲೇ ಹೊರಟು ಅದರ ಹಿಂದೆ ಹೋಗಬೇಕು ಎಂಬುದು ಕಾಕುವಿನ ಹಟ. ಕಾಕು ತುಳಸಿಗೆ ನೀರೆರೆದು, ಸೀರೆ ಎತ್ತಿ ಕಟ್ಟಿ, ಸ್ಟೇರಿಂಗಿಗೆ ಕೈ ಮುಗಿದು ಕೂತರು. ಹಾಲಿನವನು ಸೈಕಲ್ಲಿನಿಂದ ಇಳಿದು ದೂರ ನಿಂತ. ಕಾಕಾ ವ್ಯಾನಿನ ಮೈ ಹಿಡಿದುಕೊಂಡು ಹಿಂದಿನ ಬಾಗಿಲಿನ ಕಡೆ, ನನ್ನ ಜೊತೆ ಕೂರಲು ಬರುತ್ತಿದ್ದರು.

"ಅಲ್ಲೆಲ್ಲಿ ಹೊಂಟ್ರಿ?" ಎಂದರು ಕಾಕು, ಮುಂದಿನಿಂದ ಕತ್ತು ಹೊರಗೆ ಹಾಕಿ. "ಇಲ್ಲಿ ಬರ್ರಿ ನನ್ನ ಮಗ್ಗಲಿಗೆ. ಎಡಗಡಿ ಕಿಡಕಿ ನಿಮ್ಮ ಛಲೋ ಕಣ್ಣಿಗೆ ಬರ್ತದ."